ತಟ್ಟು ಕುದುರೆಗೆ ಎತ್ತಿನ ಅಳತೆ ಹಾಕಬೇಡಿ

ಮೊದಲೇ ಹೇಳಿಬಿಡ್ತೀನಿ, ಈ ಸಲದ ಬರಹ ನಮ್ಮ ಸುತ್ತಮುತ್ತಲ ಊರಿನ ಕೆಲವರಿಗೆ ಬೇಜಾರು ತರುತ್ತೆ. ತರಲಿ. ತಟ್ಟು ಕುದುರೆಗಳ ಎದೆ ಮೇಲಿನ ಹುಣ್ಣು ನೋಡಿ ನೋಡಿ ನನಗೂ ಬೇಜಾರಾಗಿದೆ.

ಎರಡು ಮೂರು ವರ್ಷದಿಂದ ನಮ್ಮ ತುಮಕೂರು ಕಡೆ ಮತ್ತೆ ತಟ್ಟು ಕುದುರೆ ತರೋರು ಕಾಣಿಸ್ತಿದ್ದಾರೆ. ಒಂದಿಷ್ಟು ಜನ ಹುಲ್ಲು ಸಾಗಿಸೋಕೆ, ಎಳನೀರು ರಸ್ತೆಗೆ ತರೋಕೆ, ಬೆಳಿಗ್ಗೆ ಹಾಲಿನ ಕ್ಯಾನು ಡೈರಿಗೆ ಹಾಕೋಕೆ. ಇನ್ನೊಂದಿಷ್ಟು ಜನ ತೋಟದಲ್ಲಿ ರೂಮು ಕಟ್ಟಿಸಿ, ಶನಿವಾರ ಭಾನುವಾರ ಬರೋ ಬೆಂಗಳೂರಿನ ಮಕ್ಕಳನ್ನ ಗಾಡೀಲಿ ಕೂರಿಸಿ ಸುತ್ತಾಡಿಸೋಕೆ. ಎರಡಕ್ಕೂ ನನ್ನ ತಕರಾರಿಲ್ಲ. ಡೀಸೆಲ್ ರೇಟು ನೋಡಿದರೆ, ದಿನಕ್ಕೆ ನಾಲ್ಕೈದು ಕಿಲೋಮೀಟರ್ ಓಡಾಟಕ್ಕೆ ಕುದುರೆ ಗಾಡಿ ಬುದ್ಧಿವಂತಿಕೆಯ ಕೆಲಸವೇ. ನನ್ನ ತಕರಾರು ಇರೋದು ಆರು ತಿಂಗಳಾದ ಮೇಲೆ ಅದೇ ಜನರ ಬಾಯಲ್ಲಿ ಬರೋ ಮಾತಿಗೆ: "ಈ ಕುದುರೆ ಬಲೇ ಹಠಮಾರಿ ಕಣ್ರೀ. ಮೂಕಿಯೊಳಗೆ ನಿಲ್ಲಲ್ಲ. ಇಳಿಜಾರು ಬಂತು ಅಂದ್ರೆ ಓಟ ಕೀಳುತ್ತೆ. ಒದೆಯುತ್ತೆ. ಸುಳಿ ಸರಿ ಇಲ್ಲ ಅನ್ಸುತ್ತೆ, ಮಾರಿಬಿಡ್ತೀನಿ."

ಸುಳಿ! ಕುದುರೆ ಕೊಳ್ಳೋಕೆ ಹೋದಾಗ ಹಣೆ ಮೇಲಿನ ಸುಳಿ, ಕತ್ತಿನ ಸುಳಿ, ಬೆನ್ನಿನ ಸುಳಿ ಅಂತ ಅರ್ಧ ದಿನ ತಡವಿ ನೋಡ್ತೀರಿ. ಅದಕ್ಕೇ ಅಂತ ಊರಿಂದ ಒಬ್ಬ ಹಿರಿಯರನ್ನೂ ಕರ್ಕೊಂಡು ಹೋಗ್ತೀರಿ. ಅದೇ ಕುದುರೆಗೆ ಗಾಡಿ ಮಾಡಿಸೋವಾಗ ಅದರ ಎದೆ ಸುತ್ತಳತೆ ಎಷ್ಟು, ನೆಲದಿಂದ ಭುಜ ಎಷ್ಟು ಎತ್ತರ ಅಂತ ಒಂದು ಟೇಪು ಹಿಡಿದವರನ್ನ ನಾನು ಕಂಡಿಲ್ಲ. ವೆಲ್ಡಿಂಗ್ ಶಾಪಿಗೆ ಹೋಗಿ "ಕುದುರೆಗೆ ಒಂದು ಗಾಡಿ ಮಾಡಿಕೊಡಿ" ಅಂತೀರಿ. ಅವನು ಜನ್ಮದಲ್ಲಿ ಕುದುರೆ ಗಾಡಿ ಮಾಡಿರಲ್ಲ. ಅವನಿಗೆ ಗೊತ್ತಿರೋದು ಟ್ರ್ಯಾಕ್ಟರ್ ಟ್ರೈಲರು ಮತ್ತು ಎತ್ತಿನ ಗಾಡಿ. ಅದನ್ನೇ ಸಣ್ಣ ಮಾಡಿ, ಹಳೇ ಸ್ಕೂಟರ್ ಚಕ್ರ ಹಾಕಿ, ಎರಡು ಪೈಪು ಮುಂದಕ್ಕೆ ಚಾಚಿ ಕೊಡ್ತಾನೆ. ಅವನ ತಪ್ಪೂ ಇಲ್ಲ, ಅವನು ಕೇಳಿದ್ದಕ್ಕೆ ಮಾಡಿಕೊಟ್ಟಿದ್ದಾನೆ. ನೀವು ಅಲ್ಲಿಗೆ ಕುದುರೇನ ಹೊಡ್ಕೊಂಡು ಹೋಗಿದ್ರಾ? ಹೋಗಿಲ್ಲ. ಬಟ್ಟೆ ಹೊಲಿಸೋಕೆ ಟೈಲರ್ ಹತ್ತಿರ ಮೈ ಕೊಟ್ಟು ನಿಲ್ತೀರಿ, ಇನ್ನೂರು ಕೇಜಿ ಪ್ರಾಣಿಗೆ ಅಂದಾಜಿನಲ್ಲಿ ಕಬ್ಬಿಣ ಕಟ್ಟಿಸ್ತೀರಿ.

ಮೂಲ ತೊಂದರೆ ಒಂದೇ. ನಮ್ಮ ತಲೇಲಿ ಇರೋದು ಎತ್ತು.

ಎತ್ತಿಗೆ ಕತ್ತಿನ ಮೇಲೆ, ಇಣಿಯ ಮುಂದೆ ನೊಗ ಕೂರುತ್ತೆ. ಎತ್ತು ತಲೆ ತಗ್ಗಿಸಿ ಆ ಇಣಿಯನ್ನ ನೊಗಕ್ಕೆ ಒತ್ತಿ ನಡೆಯುತ್ತೆ. ಅಲ್ಲಿ ಚರ್ಮ ದಪ್ಪ, ಮಾಂಸ ಗಟ್ಟಿ, ನಿಧಾನಕ್ಕೆ ಜಡ್ಡುಗಟ್ಟುತ್ತೆ. ಗಾಡಿಗೆ ನಡುವೆ ಒಂದೇ ಮೂಕಿ, ಎರಡು ಕಡೆ ಎರಡು ಎತ್ತು, ಭಾರ ಇಬ್ಬರ ಕತ್ತಿಗೂ ಹಂಚಿ ಹೋಗುತ್ತೆ. ಕುದುರೆಗೆ ಇಣಿಯೇ ಇಲ್ಲ. ಅದು ಎಳೆಯೋದು ಎದೆಯಿಂದ, ಭುಜದಿಂದ. ತಲೆ ಮೇಲೆತ್ತಿ ನಡೆಯೋ ಪ್ರಾಣಿ ಅದು. ಅದರ ಕತ್ತಿಗೆ ಏನನ್ನಾದರೂ ಕಟ್ಟಿ ಎಳೆಸಿದರೆ, ಹೆಚ್ಚು ಎಳೆದಷ್ಟೂ ಉಸಿರುನಾಳ ಒತ್ತುತ್ತೆ. ಉಸಿರು ಸಿಕ್ಕದ ಪ್ರಾಣಿ ನಿಂತುಬಿಡುತ್ತೆ, ಇಲ್ಲ ಹಿಂದಕ್ಕೆ ಬರುತ್ತೆ, ಇಲ್ಲ ಮುಂಗಾಲು ಎತ್ತುತ್ತೆ. ಅದಕ್ಕೆ ನೀವು ಹಠ ಅಂತ ಹೆಸರಿಟ್ಟು ಚಾಟಿ ತಗೋತೀರಿ.

ಎದೆಪಟ್ಟಿ ಎಲ್ಲಿ ಕೂರಬೇಕು ಅನ್ನೋದು ಬೆರಳಲ್ಲಿ ಮುಟ್ಟಿ ನೋಡಿದರೆ ಯಾರಿಗಾದರೂ ಗೊತ್ತಾಗುತ್ತೆ. ಕುದುರೆಯ ಎದೆ ಪಕ್ಕದಲ್ಲಿ ಕೈಯಾಡಿಸಿ, ಭುಜದ ಮೂಳೆ ಮುಂದಕ್ಕೆ ಚಾಚಿಕೊಂಡು ಗಂಟಿನಂಗೆ ಸಿಗುತ್ತೆ. ಆ ಗಂಟಿಗಿಂತ ಮೇಲೆ ಪಟ್ಟಿ ಇರಬೇಕು, ಯಾಕಂದ್ರೆ ಅದರ ಮೇಲೇ ಬಿದ್ದರೆ ಕಾಲು ಮುಂದಕ್ಕೆ ಚಾಚೋಕೇ ಆಗಲ್ಲ. ಕತ್ತು ಬಂದು ಎದೆಗೆ ಸೇರೋ ಕಡೆ ಉಸಿರುನಾಳ ಮೆತ್ತಗೆ ಸಿಗುತ್ತೆ, ಅದಕ್ಕಿಂತ ಕೆಳಗೆ ಇರಬೇಕು. ಇವೆರಡರ ನಡುವೆ ಜಾಗ ಇರೋದೇ ಒಂದು ಅಂಗೈ ಅಗಲ. ತಟ್ಟಿನಲ್ಲಿ ಅದೂ ಕಮ್ಮಿ. ಅಷ್ಟು ಸಣ್ಣ ಜಾಗದಲ್ಲಿ ಪಟ್ಟಿ ಎರಡು ಕಡೆಯೂ ಒಂದೇ ಮಟ್ಟದಲ್ಲಿ ಕೂತಿರಬೇಕು, ಮೇಲೆ ಕತ್ತಿನ ಮೇಲಿಂದ ಬರೋ ಇನ್ನೊಂದು ಪಟ್ಟಿ ಅದನ್ನ ಆ ಎತ್ತರದಲ್ಲಿ ಹಿಡಿದಿರಬೇಕು. ಅಗಲ ಮೂರು ಇಂಚಿಗಿಂತ ಕಮ್ಮಿ ಬೇಡ. ನೈಲಾನ್ ಹಗ್ಗಕ್ಕೆ ಸೈಕಲ್ ಟ್ಯೂಬು ಸುತ್ತಿ ಎದೆಗೆ ಕಟ್ಟೋರಿದ್ದಾರಲ್ಲ, ಅವರ ಬಗ್ಗೆ ಏನು ಬರೆಯೋದು. ಹೊಸಗೆ ಮೂಟೆ ಹೊರೋವಾಗ ತಮ್ಮ ಹೆಗಲಿಗೆ ಮಾತ್ರ ಮಡಿಸಿದ ಗೋಣಿಚೀಲ ಹಾಕ್ಕೋತಾರೆ.

ಪಟ್ಟಿ ಸರಿ ಇದ್ದೂ ಹುಣ್ಣಾಗೋದು ಇನ್ನೊಂದು ಕಾರಣಕ್ಕೆ. ಇದನ್ನ ತುಂಬಾ ಜನ ನೋಡೋದೇ ಇಲ್ಲ. ಎದೆಪಟ್ಟಿಯ ಎರಡು ತುದಿಯಿಂದ ಹಿಂದಕ್ಕೆ ಹೋಗೋ ಎಳೆಪಟ್ಟಿಗಳನ್ನ ಗಾಡಿಯ ಚೌಕಟ್ಟಿಗೆ ಎರಡು ಕೊಂಡಿ ಬೆಸೆದು ಗಟ್ಟಿಯಾಗಿ ಸಿಕ್ಕಿಸಿರ್ತಾರೆ. ಕುದುರೆ ನಡೆಯೋವಾಗ ಒಮ್ಮೆ ಎಡ ಭುಜ ಮುಂದೆ, ಒಮ್ಮೆ ಬಲ ಭುಜ ಮುಂದೆ. ಕೊಂಡಿ ಅಲ್ಲಾಡಲ್ಲ, ಪಟ್ಟಿಯೂ ಅಲ್ಲಾಡಲ್ಲ, ಭುಜ ಮಾತ್ರ ಅದರ ಕೆಳಗೆ ಗರಗಸದ ಹಂಗೆ ಉಜ್ಜುತ್ತೆ. ಒಂದು ಕಿಲೋಮೀಟರಿಗೆ ಎಷ್ಟು ಹೆಜ್ಜೆ ಲೆಕ್ಕ ಹಾಕಿ. ಇದಕ್ಕೆ ಮದ್ದು ಒಂದು ಮರದ ಅಡ್ಡಗೋಲು. ನಡುವೆ ಒಂದೇ ಬೋಲ್ಟ್, ಆ ಬೋಲ್ಟಿನ ಮೇಲೆ ಗೋಲು ಆ ಕಡೆ ಈ ಕಡೆ ತಿರುಗಬೇಕು, ಎಳೆಪಟ್ಟಿಗಳು ಗೋಲಿನ ಎರಡು ತುದಿಗೆ. ಎಡ ಭುಜ ಮುಂದೆ ಹೋದರೆ ಗೋಲಿನ ಎಡತುದಿ ಜೊತೇಲೇ ಹೋಗುತ್ತೆ. ಒಂದು ಬೋಲ್ಟಿನ ಖರ್ಚು. ಅದನ್ನ ಹಾಕದೆ ತಿಂಗಳಿಗೆ ನಾಲ್ಕು ಡಬ್ಬಿ ಮುಲಾಮು ಕೊಳ್ಳೋದು ಯಾವ ಉಳಿತಾಯ?

ಆ ಗೋಲನ್ನ ಎಲ್ಲಿ ಹಾಕ್ತೀರಿ ಅನ್ನೋದೂ ಮುಖ್ಯ. ಎದೆಯಿಂದ ಗೋಲಿಗೆ ಎಳೆಪಟ್ಟಿ ಹೆಚ್ಚುಕಮ್ಮಿ ನೇರ ಹೋಗಬೇಕು, ಹಿಂದಕ್ಕೆ ಸ್ವಲ್ಪ ಇಳಿದರೆ ಪರವಾಗಿಲ್ಲ. ಗೋಲು ತೀರಾ ಕೆಳಗಿದ್ದರೆ ಎದೆಪಟ್ಟಿ ಕೆಳಕ್ಕೆ ಜಗ್ಗಿ ಕತ್ತಿನ ಮೇಲಿನ ಪಟ್ಟಿ ಕೊರೆಯುತ್ತೆ. ಮೇಲಿದ್ದರೆ ಎದೆಪಟ್ಟಿ ಗಂಟಲಿಗೆ ಏರುತ್ತೆ.

ಇನ್ನು ಮೂಕಿ ಮತ್ತು ಭಾರದ ವಿಷಯ. ಏತ ನೋಡಿದವರಿಗೆ ಇದು ಹೊಸದಲ್ಲ. ಎರಡು ಚಕ್ರದ ಗಾಡಿ ಅಂದ್ರೆ ಅಚ್ಚಿನ ಮೇಲೆ ನಿಂತ ತಕ್ಕಡಿ. ಭಾರ ಅಚ್ಚಿಗಿಂತ ಮುಂದೆ ಬಂದರೆ ಮೂಕಿ ಕುದುರೆಯ ಬೆನ್ನ ಮೇಲೆ ಕೂರುತ್ತೆ, ಹಿಂದೆ ಹೋದರೆ ಮೂಕಿ ಮೇಲೆದ್ದು ಹೊಟ್ಟೆಪಟ್ಟಿ ಕುದುರೆಯನ್ನ ಕೆಳಗಿನಿಂದ ಎತ್ತುತ್ತೆ. ಲೆಕ್ಕ ಹಾಕಿ ನೋಡೋಣ. ಗಾಡಿ, ಜನ ಎಲ್ಲಾ ಸೇರಿ 250 ಕೇಜಿ ಅಂದ್ಕೊಳ್ಳಿ. ಅಚ್ಚಿನಿಂದ ಕುದುರೆ ಬೆನ್ನಿನ ಮೇಲೆ ಮೂಕಿ ತೂಗೋ ಜಾಗಕ್ಕೆ 2 ಮೀಟರು. ಭಾರದ ನಡುಬಿಂದು ಅಚ್ಚಿಗಿಂತ 10 ಸೆಂಟಿಮೀಟರ್ ಮುಂದಿದ್ದರೆ ಬೆನ್ನಿಗೆ ಬೀಳೋದು ಹನ್ನೆರಡೂವರೆ ಕೇಜಿ. ಅದು 40 ಸೆಂಟಿಮೀಟರ್ ಮುಂದಿದ್ದರೆ 50 ಕೇಜಿ. ಅಂದ್ರೆ ಒಂದು ಸಿಮೆಂಟ್ ಮೂಟೆ, ಸಣ್ಣ ಪಟ್ಟಿಯ ಮೇಲೆ, ದಿನವಿಡೀ, ಎಳೆಯೋ ಭಾರದ ಜೊತೆಗೆ ಇದು ಬೇರೆ. ಹಿಂದಕ್ಕೆ 10 ಸೆಂಟಿಮೀಟರ್ ಸರಿದರೆ ಅದೇ ಹನ್ನೆರಡೂವರೆ ಕೇಜಿ ಕೆಳಗಿನಿಂದ ಹೊಟ್ಟೆಗೆ. ಒಂದು ಗೇಣಿನಷ್ಟು ಜಾಗದಲ್ಲಿ ಗಾಡಿ ಒಳ್ಳೇದೋ ಕೆಟ್ಟದ್ದೋ ತೀರ್ಮಾನ ಆಗಿಬಿಡುತ್ತೆ.

ಪರೀಕ್ಷೆ ಮಾಡೋಕೆ ಕುದುರೆಯೂ ಬೇಡ. ಗಾಡಿಗೆ ದಿನಾ ಹಾಕೋವಷ್ಟು ಭಾರ ಹಾಕಿ, ಇಬ್ಬರನ್ನ ಕೂರಿಸಿ, ಮೂಕಿಯನ್ನ ಕುದುರೆ ಬೆನ್ನಿಗೆ ಬರೋ ಎತ್ತರಕ್ಕೆ ಹಿಡಿದು ಮಟ್ಟ ಮಾಡಿ, ಒಂದು ಕೈಯಲ್ಲಿ ತೂಕ ನೋಡಿ. ಅಡಿಕೆ ತೂಗೋ ಕೊಕ್ಕೆ ತಕ್ಕಡಿ ಇದ್ದರೆ ಅದನ್ನೇ ಸಿಕ್ಕಿಸಿ ನೋಡಿ. ತಟ್ಟಿಗೆ ಐದರಿಂದ ಹತ್ತು ಕೇಜಿ ಬಂದರೆ ಸಾಕು. ಜಾಸ್ತಿ ಬಂದರೆ ಸೀಟು ಹಿಂದಕ್ಕೆ, ಕಮ್ಮಿ ಬಂದರೆ ಮುಂದಕ್ಕೆ. ಸೀಟನ್ನೇ ಬೆಸೆದುಬಿಟ್ಟಿದ್ದರೆ? ಅದಕ್ಕೇ ಹೇಳೋದು, ಬೆಸೆಯೋಕೆ ಮುಂಚೆ ನಾಲ್ಕು ತೂತು ಹಾಕಿ ಬೋಲ್ಟಿನಲ್ಲಿ ಕೂರಿಸಿ ಅಂತ. ಹಳೇ ಜಟಕಾದವರು ದಾರಿಯುದ್ದಕ್ಕೂ "ಸ್ವಲ್ಪ ಮುಂದಕ್ಕೆ ಬನ್ನಿ ಅಮ್ಮಾ, ಅಜ್ಜಾರೇ ಹಿಂದಕ್ಕೆ ಸರೀರಿ" ಅಂತ ಕೂಗ್ತಾ ಇದ್ದದ್ದು ತಮಾಷೆಗಲ್ಲ. ಆ ಮಾತಲ್ಲಿ ಅವರು ಕುದುರೆ ಬೆನ್ನನ್ನ ಕಾಯ್ತಾ ಇದ್ದರು. ಸಿನಿಮಾದಲ್ಲಿ ಅದನ್ನ ನೋಡಿ ನಕ್ಕವರು ಈಗ ಗಾಡಿ ಮಾಡಿಸ್ತಿದ್ದಾರೆ.

ಸ್ಕೂಟರ್ ಚಕ್ರದ ಅನಾಹುತವೂ ಇಲ್ಲೇ ಇರೋದು. ಚಕ್ರ ಸಣ್ಣದು, ಅಚ್ಚು ಕೆಳಗೆ, ಮೂಕಿ ಮಾತ್ರ ಕುದುರೆ ಎತ್ತರಕ್ಕೆ ಹೋಗಬೇಕು. ಹಂಗಾಗಿ ಇಡೀ ಗಾಡಿ ಹಿಂದಕ್ಕೆ ವಾಲುತ್ತೆ. ವಾಲಿದ ಗಾಡೀಲಿ ಕೂತವರೂ ಹಿಂದಕ್ಕೆ ಒರಗ್ತಾರೆ, ಭಾರ ಪೂರ್ತಿ ಅಚ್ಚಿನ ಹಿಂದೆ. ಎಷ್ಟೋ ಗಾಡೀಲಿ ಹೊಟ್ಟೆಪಟ್ಟಿ ಮುಂಗಾಲ ಹಿಂದಿನ ಚರ್ಮ ಕಿತ್ತು ತಿಂದಿರುತ್ತೆ, ಕಾರಣ ಇದು. ಬೈಕಿನ ದೊಡ್ಡ ಚಕ್ರ ಹಾಕಿಸಿ, ಇಲ್ಲ ಅಚ್ಚಿನ ಮೇಲೆ ಸ್ಪ್ರಿಂಗ್ ಪಟ್ಟಿ ಇಟ್ಟು ಮಟ್ಟ ಏರಿಸಿ. ನಿಂತ ಗಾಡೀನ ಪಕ್ಕದಿಂದ ನೋಡಿದರೆ ಮೂಕಿ ನೆಲಕ್ಕೆ ಸಮ ಇರಬೇಕು, ಅಷ್ಟೇ. ಇದಕ್ಕೆ ಎಂಜಿನಿಯರ್ ಬೇಕಾ?

ಮೂಕಿಯ ಉದ್ದ ಭುಜದ ಆ ಗಂಟಿನವರೆಗೆ ಸಾಕು. ಅದಕ್ಕಿಂತ ಮುಂದೆ ಚಾಚಿದರೆ ತಿರುವಿನಲ್ಲಿ ಕತ್ತಿಗೆ ಚುಚ್ಚುತ್ತೆ, ಲಗಾಮು ಸಿಕ್ಕಿಕೊಳ್ಳುತ್ತೆ. ಹಿಂದೆ ಕುದುರೆಯ ಪೃಷ್ಠಕ್ಕೂ ಗಾಡಿಯ ಮುಂಗಟ್ಟಿಗೂ ಒಂದೂವರೆ ಅಡಿ ಆದರೂ ಬಿಡಿ. ಜೋರು ನಡಿಗೇಲಿ ಹಿಂಗಾಲು ಹಿಂದಕ್ಕೆ ಚಾಚಿದಾಗ ಕಬ್ಬಿಣ ತಗುಲಿತು ಅಂದ್ರೆ ಅದು ಒದ್ದೇ ಒದೆಯುತ್ತೆ. ನಾನಾಗಿದ್ದರೂ ಒದೀತಿದ್ದೆ.

ಬೆನ್ನಿನ ಗಾದಿ. ಇದು ಎರಡು ದಿಂಬು, ನಡುವೆ ಕಣಿವೆ. ಹಿಂದೆ ನಿಂತು ನೋಡಿದರೆ ಬೆನ್ನುಮೂಳೆಯ ಮೇಲೆ ಬೆಳಕು ಕಾಣಬೇಕು. ಗೋಣಿತಾಟು ಮಡಿಸಿ ಮೂಳೆ ಮೇಲೇ ಇಟ್ಟು ಬಿಗಿದರೆ ಅದು ಗಾದಿ ಆಗಲ್ಲ. ಕತ್ತು ಮುಗಿದು ಬೆನ್ನು ಶುರುವಾಗೋ ಕಡೆ ಉಬ್ಬು ಇದೆಯಲ್ಲ, ಅದರ ಮೇಲಲ್ಲ, ಅದರ ಹಿಂದೆ ಇರಬೇಕು. ಹೊಟ್ಟೆಪಟ್ಟಿ ಮುಂಗಾಲಿನ ಮೊಣಗಂಟಿಗಿಂತ ನಾಲ್ಕು ಬೆರಳು ಹಿಂದೆ.

ಗಾದಿ ಸರಿ ಕೂತಿದೆಯೋ ಇಲ್ಲವೋ ಅಂತ ಯಾರನ್ನೂ ಕೇಳಬೇಡಿ, ಬೆವರನ್ನ ಕೇಳಿ. ಒಂದು ಗಂಟೆ ಕೆಲಸ ಆದ ಮೇಲೆ ಬಿಚ್ಚಿ ನೋಡಿ. ಗಾದಿ ಕೆಳಗೆ ಎಲ್ಲಾ ಕಡೆ ಒಂದೇ ಸಮ ಒದ್ದೆ ಇದ್ದರೆ ಸರಿ. ಸುತ್ತ ಒದ್ದೆ ಇದ್ದು ನಡುವೆ ರೂಪಾಯಿ ಅಗಲ ಒಣಗಿದ್ದರೆ, ಅಲ್ಲಿ ಬೆವರೂ ಬರದಷ್ಟು ಒತ್ತಡ ಬಿದ್ದಿದೆ ಅಂತ. ತಿಂಗಳುಗಟ್ಟಲೆ ಅದನ್ನ ಹಂಗೇ ಬಿಟ್ಟರೆ ಆ ಜಾಗದಲ್ಲಿ ಬಿಳಿ ಕೂದಲು ಬರುತ್ತೆ. ಕೆಂದು ಕುದುರೆ ಬೆನ್ನಲ್ಲಿ ಬಿಳಿ ಬೊಟ್ಟು ನೋಡಿ ಲಕ್ಷಣವಂತ ಕುದುರೆ ಅಂತ ಎರಡು ಸಾವಿರ ಜಾಸ್ತಿ ಕೊಟ್ಟವರು ನನಗೆ ಗೊತ್ತು. ಹಿಂದಿನ ಮಾಲೀಕ ಮಾಡಿದ ಗಾಯಕ್ಕೆ ಇವರು ದುಡ್ಡು ಕೊಟ್ಟಿದ್ದಾರೆ.

ಈಗ ಅತಿ ಮುಖ್ಯವಾದದ್ದು, ನಮ್ಮ ಕಡೆ ಹತ್ತು ಗಾಡೀಲಿ ಎಂಟಕ್ಕೆ ಇಲ್ಲದ್ದು: ತೊಡೆಪಟ್ಟಿ. ಹಿಂಗಾಲ ಹಿಂಭಾಗಕ್ಕೆ ಸುತ್ತಿಬಂದು ಎರಡು ಕಡೆ ಮೂಕಿಗೆ ಸೇರೋ ಪಟ್ಟಿ. ಗಾಡಿಗೆ ಬ್ರೇಕ್ ಇಲ್ಲ. ಇಳಿಜಾರಿನಲ್ಲಿ ಗಾಡಿ ಮುಂದಕ್ಕೆ ನುಗ್ಗುತ್ತೆ, ಅದನ್ನ ಯಾರಾದರೂ ತಡೀಬೇಕಲ್ಲ? ತೊಡೆಪಟ್ಟಿ ಇದ್ದರೆ ಕುದುರೆ ತನ್ನ ಪೃಷ್ಠದ ಬಲದಿಂದ, ಕೂತಂಗೆ ಮಾಡಿ ತಡೆಯುತ್ತೆ. ಇಲ್ಲದಿದ್ದರೆ ಗಾದಿ ಮುಂದಕ್ಕೆ ಜಾರಿ ಹೆಗಲುಬ್ಬಿಗೆ ಗುದ್ದುತ್ತೆ, ಬಾಲಪಟ್ಟಿ ಬಾಲದ ಬುಡ ಕೊಯ್ಯುತ್ತೆ, ಗಾಡಿ ಹಿಂಗಾಲಿಗೆ ಬಡಿಯುತ್ತೆ. ಹಿಂದಿನಿಂದ ಏನೋ ಅಟ್ಟಿಸಿಕೊಂಡು ಬಂದರೆ ಕುದುರೆ ಏನು ಮಾಡುತ್ತೆ? ಓಡುತ್ತೆ. ಓಡಿದಷ್ಟೂ ಗಾಡಿ ಜೋರಾಗಿ ಬಡಿಯುತ್ತೆ. "ಇಳಿಜಾರಲ್ಲಿ ಓಟ ಕೀಳುತ್ತೆ" ಅಂತ ಮಾರೋಕೆ ಹೊರಟಿರೋ ಕುದುರೆಗಳಲ್ಲಿ ಎಷ್ಟಕ್ಕೆ ತೊಡೆಪಟ್ಟಿ ಇತ್ತು ಅಂತ ನಾನು ಕೇಳ್ತಾ ಬಂದಿದ್ದೀನಿ. ಹೋದ ಬೇಸಿಗೇಲಿ ಸಂತೆಯಲ್ಲಿ ಒಬ್ಬರು "ನಮ್ಮೂರು ಸಮತಟ್ಟು, ಅದೆಲ್ಲಾ ಬೇಡ ಬಿಡಿ ಅಣ್ಣ" ಅಂದರು. ಊರೇನೋ ಸಮತಟ್ಟು. ಡೈರಿಗೆ ಹೋಗೋ ದಾರೀಲಿ ರೋಡ್ ಹಂಪು ಎಷ್ಟಿದೆ ಅಂದೆ. ಎಣಿಸಿ ಒಂಬತ್ತು ಅಂದರು. ಹೋಗ್ತಾ ಒಂಬತ್ತು, ಬರ್ತಾ ಒಂಬತ್ತು, ದಿನಕ್ಕೆ ಎರಡು ಹೊತ್ತು. ಮೂವತ್ತಾರು ಸಲ ಆ ಗಾಡಿ ಕುದುರೆ ಮೇಲೆ ನುಗ್ಗಿದೆ, ತುಂಬಿದ ಕ್ಯಾನಿನ ಸಮೇತ. ಅವರಿಗೆ ಸಿಟ್ಟು ಬಂತು, ನನ್ನ ಜೊತೆ ಟೀ ಕುಡೀಲಿಲ್ಲ.

ತೊಡೆಪಟ್ಟಿ ಹಾಕೋದ್ರಲ್ಲೂ ಅಳತೆ ಇದೆ. ಬಾಲದ ಬುಡಕ್ಕೂ ಹಿಂಗಾಲಿನ ನಡುಕೀಲಿಗೂ ಹೆಚ್ಚುಕಮ್ಮಿ ಮಧ್ಯ, ಒಂಚೂರು ಮೇಲೆ. ಕೆಳಗಾದರೆ ಕಾಲು ಸೆಳೆದು ಬೀಳಿಸುತ್ತೆ, ಮೇಲಾದರೆ ಬಾಲದಡಿಗೆ ಜಾರುತ್ತೆ. ಕುದುರೆ ಮುಂದಕ್ಕೆ ಎಳೀತಾ ಇರೋವಾಗ ಪಟ್ಟಿಗೂ ಮೈಗೂ ನಡುವೆ ನಾಲ್ಕು ಬೆರಳು ಹೋಗಬೇಕು. ಬಿಗಿ ಕಟ್ಟಿದರೆ ಹೆಜ್ಜೆ ಹೆಜ್ಜೆಗೂ ಉಜ್ಜುತ್ತೆ, ಕೈಯಳತೆ ಸಡಿಲ ಬಿಟ್ಟರೆ ಗಾಡಿ ಮೊದಲು ಓಡಿಬಂದು ಆಮೇಲೆ ಗುದ್ದುತ್ತೆ.

ಭಾರ ಎಷ್ಟು ಹಾಕಬಹುದು ಅಂತ ಕೇಳಿದರೆ ಎಲ್ಲರೂ "ಎಳೆಯೋವಷ್ಟು" ಅಂತಾರೆ. ಸರ್ಕಾರದ ಒಂದು ಅಂಕಿ ಇದೆ. ಎಳೆಯೋ ಮತ್ತು ಹೊರೋ ಪ್ರಾಣಿಗಳ ಮೇಲಿನ ಹಿಂಸೆ ತಡೆಯೋಕೆ 1965 ರಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿದೆ. ಅದರ ಪ್ರಕಾರ ತಟ್ಟು ಎಳೆಯೋ ಎರಡು ಚಕ್ರದ ಗಾಡಿಗೆ ಗಾಳಿ ಟೈರಿದ್ದರೆ 600 ಕೇಜಿ, ಇಲ್ಲದಿದ್ದರೆ 400 ಕೇಜಿ ಮಿತಿ. ಓಡಿಸೋನನ್ನ ಮತ್ತು 6 ವರ್ಷದ ಒಳಗಿನ ಮಕ್ಕಳನ್ನ ಬಿಟ್ಟು ನಾಲ್ಕು ಜನಕ್ಕಿಂತ ಹೆಚ್ಚು ಕೂರಿಸಬಾರದು. ದಿನಕ್ಕೆ ಒಟ್ಟು 9 ಗಂಟೆ, ಒಂದೇ ಸಮನೆ 5 ಗಂಟೆಗಿಂತ ಹೆಚ್ಚು ದುಡಿಸಬಾರದು. 37 ಡಿಗ್ರಿ ದಾಟಿದ ಬಿಸಿಲಿದ್ದರೆ ಮಧ್ಯಾಹ್ನ 12 ರಿಂದ 3 ರವರೆಗೆ ಕಟ್ಟಲೇಬಾರದು. ಮುಳ್ಳಿರೋ ಕಡಿವಾಣ ಹಾಕೋ ಹಾಗಿಲ್ಲ. ನಿಯಮ ಚೆನ್ನಾಗೇ ಇದೆ. ಆದರೆ ಅದರ ತಾಯಿ ಕಾಯ್ದೆ 1960 ರದ್ದು, ಹಿಂಸೆಗೆ ಮೊದಲ ಸಲ ಸಿಕ್ಕಿಬಿದ್ದರೆ ಅದರಲ್ಲಿ ಬರೆದಿರೋ ದಂಡ 10 ರೂಪಾಯಿಯಿಂದ 50 ರೂಪಾಯಿ. ಒಂದು ಪ್ಲೇಟ್ ತಟ್ಟೆ ಇಡ್ಲಿ ದುಡ್ಡು.

ಆ 600 ಕೇಜಿ ಅಂಕಿಯನ್ನ ಹಕ್ಕು ಅಂದ್ಕೊಂಡವರಿಗೆ ಇನ್ನೊಂದು ಲೆಕ್ಕ. ಕುದುರೆಯ ತೂಕ ಟೇಪಿನಲ್ಲೇ ಸಿಗುತ್ತೆ. ಮುಂಗಾಲ ಹಿಂದೆ ಎದೆಯ ಸುತ್ತಳತೆ, ಭುಜದ ಗಂಟಿನಿಂದ ಪೃಷ್ಠದ ತುದಿವರೆಗೆ ಉದ್ದ, ಎರಡೂ ಸೆಂಟಿಮೀಟರಲ್ಲಿ. ಸುತ್ತಳತೆಯನ್ನ ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 11,880 ರಿಂದ ಭಾಗಿಸಿ. ಸುತ್ತಳತೆ 140, ಉದ್ದ 130 ಇರೋ ತಟ್ಟು ಸುಮಾರು 215 ಕೇಜಿ. ಕುದುರೆ ಗಂಟೆಗಟ್ಟಲೆ ಸಮಾಧಾನವಾಗಿ ಎಳೆಯೋ ಬಲ ಅದರ ತೂಕದ ಹತ್ತನೇ ಒಂದು ಭಾಗ, ಅಂದ್ರೆ ಈ ತಟ್ಟಿಗೆ ಇಪ್ಪತ್ತೊಂದು ಕೇಜಿ. ಡಾಂಬರು ರಸ್ತೆ, ಸಮತಟ್ಟು, ಒಳ್ಳೇ ಗಾಳಿ ಟೈರು ಇದ್ದರೆ 600 ಕೇಜಿ ಎಳೆಯೋಕೆ ನೂರಕ್ಕೆ ಎರಡರಂತೆ 12 ಕೇಜಿ ಬಲ ಸಾಕು. ಪರವಾಗಿಲ್ಲ. ಇಪ್ಪತ್ತು ಅಡಿಗೆ ಒಂದು ಅಡಿ ಏರೋ ದಿಬ್ಬ ಬಂದರೆ ಅದರ ಮೇಲೆ ಇನ್ನೂ 30 ಕೇಜಿ. ಒಟ್ಟು 42, ಅದರ ಶಕ್ತಿಯ ಎರಡರಷ್ಟು. ಮಳೆ ಬಂದ ತೋಟದ ದಾರೀಲಿ ನೂರಕ್ಕೆ ಹತ್ತಾದರೂ ಬೇಕು, 60 ಕೇಜಿ, ಮೂರರಷ್ಟು. ಎಳೆಯಲ್ವಾ? ಎಳೆಯುತ್ತೆ. ಸ್ವಲ್ಪ ಹೊತ್ತಿಗೆ ಕುದುರೆ ಇದಕ್ಕಿಂತ ಜಾಸ್ತಿಯೂ ಎಳೆಯುತ್ತೆ, ಅದೇ ನಮ್ಮನ್ನ ಮೋಸ ಮಾಡೋದು. ತೋಟದ ಕೆಲಸಕ್ಕೆ ಗಾಡಿಯೂ ಸೇರಿ ಕುದುರೆಯ ತೂಕದಷ್ಟೇ ಭಾರ ಸಾಕು, ಒಳ್ಳೇ ರಸ್ತೇಲಿ ಅದರ ಒಂದೂವರೆ ಪಟ್ಟು ಅನ್ನೋದು ನನ್ನ ಲೆಕ್ಕ. ಇನ್ನೊಂದು ಟ್ರಿಪ್ಪು ಹೊಡೆಯಿರಿ, ಏನೂ ಮುಳುಗಲ್ಲ.

ಇನ್ನೊಂದು ಗುಂಪಿಗೂ ಎರಡು ಮಾತು. ಫೋಟೋ ತೆಗೆದು "ಕುದುರೆ ಗಾಡಿ ಬ್ಯಾನ್ ಮಾಡಿ" ಅನ್ನೋರು. ನಿಮ್ಮ ಕನಿಕರ ಸುಳ್ಳಲ್ಲ. ಮುಂಬೈಯ ವಿಕ್ಟೋರಿಯಾ ಗಾಡಿಗಳನ್ನ 2015 ರಲ್ಲಿ ಬಾಂಬೆ ಹೈಕೋರ್ಟು ಕಾನೂನುಬಾಹಿರ ಅಂತ ನಿಲ್ಲಿಸೋಕೆ ಹೇಳಿತು. ನಮ್ಮ ಮೈಸೂರಲ್ಲಿ ಅರಮನೆ ಸುತ್ತ ಟಾಂಗಾ ಇನ್ನೂ ಓಡ್ತಿವೆ. ಆದರೆ ನೀವು ತೆಗೆಯೋ ಫೋಟೋದಲ್ಲಿ ಸರಿ ಅಳತೆಯ ಗಾಡಿಯೂ ತಪ್ಪು ಅಳತೆಯ ಗಾಡಿಯೂ ಒಂದೇ. ಮೂವತ್ತು ವರ್ಷ ಕುದುರೆ ಮೈ ಮೇಲೆ ಒಂದು ಗೀರು ಬೀಳದಂಗೆ ಗಾಡಿ ಹೊಡೆದ ಸಾಹೇಬರೂ, ನೈಲಾನ್ ಹಗ್ಗದಲ್ಲಿ ಬಿಗಿದವನೂ ನಿಮಗೆ ಒಂದೇ. ನೀವು ಬೈಯೋಕೆ ಮುಂಚೆ ಎದೆಪಟ್ಟಿ ಎಲ್ಲಿದೆ, ತೊಡೆಪಟ್ಟಿ ಇದೆಯಾ ಅಂತ ನೋಡಿ ಬೈದರೆ, ಬೈಸಿಕೊಂಡವನು ಏನಾದರೂ ಕಲೀತಾನೆ. ನಮ್ಮ ಜಿಲ್ಲೆಯಲ್ಲೇ ಟಿಪ್ಪು ಕಾಲದಿಂದ ಹೆಸರಾದ ಕುಣಿಗಲ್ ಕುದುರೆ ಫಾರಂ ಇದೆ. ಅಲ್ಲಿನ ರೇಸ್ ಕುದುರೆ ಬಗ್ಗೆ ಹೆಮ್ಮೆಯಿಂದ ಮಾತಾಡ್ತೀವಿ. ಗಾಡಿ ಎಳೆಯೋ ತಟ್ಟಿನ ಬಗ್ಗೆ ಹೇಳಿಕೊಡೋ ಒಂದು ದಿನದ ತರಬೇತಿ ಎಲ್ಲಾದರೂ ಇದೆ ಅಂತ ನನ್ನ ಕಿವಿಗೆ ಬಿದ್ದಿಲ್ಲ. ಬ್ಯಾನ್ ಕೇಳೋರು ಅದನ್ನೂ ಕೇಳಬಹುದಿತ್ತು.

"ನಮ್ಮಪ್ಪನ ಕಾಲದಿಂದ ಹಿಂಗೇ ಕಟ್ತಿದ್ವಿ" ಅನ್ನೋರಿಗೆ: ಇಲ್ಲ, ನಿಮ್ಮಪ್ಪ ಎತ್ತು ಕಟ್ತಿದ್ದರು, ನೊಗದ ಅಳತೆ ಅವರಿಗೆ ನೀರು ಕುಡಿದಷ್ಟು ಸಲೀಸು. ಆಚಾರಿ ಎತ್ತಿನ ಕತ್ತು ನೋಡಿಯೇ ನೊಗ ಕೆತ್ತುತಿದ್ದ. ಅದೇ ಶ್ರದ್ಧೆ ಕುದುರೆಗೆ ಯಾಕಿಲ್ಲ ಅಂತ ತಾನೇ ನಾನು ಕೇಳ್ತಿರೋದು.

"ಅಷ್ಟು ದುಡ್ಡು ಎಲ್ಲಿಂದ ತರೋಣ" ಅನ್ನೋರಿಗೆ: ಚರ್ಮದ ಸಾಮಾನೇ ಬೇಕು ಅಂತ ಯಾರು ಹೇಳಿದ್ದು? ಲಾರಿ ಲೋಡು ಬಿಗಿಯೋ ಅಗಲದ ಪಟ್ಟಿ ತಗೊಂಡು, ಒಳಗಡೆ ಹಳೇ ಕುರಿ ಕಂಬಳಿ ಎರಡು ಮಡಿಕೆ ಹಾಕಿ ಚಪ್ಪಲಿ ಹೊಲಿಯೋರ ಹತ್ತಿರ ಹೊಲಿಸಿ. ಕಂಬಳಿ ಬೆವರು ಹೀರುತ್ತೆ, ಒಗೆಯೋಕೂ ಬರುತ್ತೆ. ಒಗೀಬೇಕು ಕೂಡ. ಬೆವರು ಒಣಗಿ ಉಪ್ಪುಗಟ್ಟಿದ ಪಟ್ಟಿ ಉಪ್ಪುಕಾಗದ ಇದ್ದಂಗೆ.

ಹುಣ್ಣು ಆಗಿಬಿಟ್ಟಿದ್ದರೆ ಸುಟ್ಟ ಎಂಜಿನ್ ಆಯಿಲ್ ಹಚ್ಚಬೇಡಿ, ಕೈ ಮುಗೀತೀನಿ. ಉಪ್ಪು ನೀರಲ್ಲಿ ತೊಳೆದು, ಗಾಯ ಪೂರ್ತಿ ಮಾಯೋವರೆಗೆ ಆ ಪಟ್ಟಿ ಆ ಜಾಗಕ್ಕೆ ತಾಗಿಸಬೇಡಿ. ಬೇರೆ ದಾರಿ ಇಲ್ಲ, ಗಾಡಿ ನಿಲ್ಲಿಸಬೇಕು. ಕುದುರೆಗೆ ಧನುರ್ವಾಯು ಬಲು ಬೇಗ ಬರುತ್ತೆ, ದನಗಳಿಗಿಂತ ಬೇಗ. ಲದ್ದಿ ಮಣ್ಣು ಮೆತ್ತಿದ ಸಣ್ಣ ಗಾಯ ಸಾಕು. ಬಂದ ಮೇಲೆ ಉಳಿಯೋದು ಕಷ್ಟ. ಅದಕ್ಕೆ ಲಸಿಕೆ ಇದೆ, ಪಶು ಆಸ್ಪತ್ರೆ ಡಾಕ್ಟರನ್ನ ಕೇಳಿ ಹಾಕಿಸಿ, ಗಾಯ ಆಗೋಕೆ ಮುಂಚೆ.

ಕೊನೇದಾಗಿ ಕಟ್ಟೋ ಬಿಚ್ಚೋ ಕ್ರಮ, ಇದರಲ್ಲಿ ಜೀವ ಹೋಗುತ್ತೆ, ಕುದುರೇದೂ ನಿಮ್ಮದೂ. ಕುದುರೆಯನ್ನ ಹಿಂದಕ್ಕೆ ನಡೆಸಿ ಮೂಕಿಯೊಳಗೆ ತುರುಕಬೇಡಿ. ಅದು ನಿಂತಿರಲಿ, ಒಬ್ಬರು ತಲೆ ಹತ್ತಿರ ಹಿಡಿದಿರಲಿ, ಗಾಡಿಯನ್ನ ನೀವು ಎಳೆದು ತನ್ನಿ. ಮೊದಲು ಮೂಕಿ ಗಾದಿಯ ಕುಣಿಕೆಗೆ, ಆಮೇಲೆ ಎಳೆಪಟ್ಟಿ, ಆಮೇಲೆ ತೊಡೆಪಟ್ಟಿ, ಕೊನೆಗೆ ಮೂಕಿಯ ಹೊಟ್ಟೆಪಟ್ಟಿ. ಬಿಚ್ಚೋವಾಗ ಇದೇ ಉಲ್ಟಾ. ಗಾಡಿ ಪೂರ್ತಿ ಕಳಚಿ ಹಿಂದಕ್ಕೆ ಸರಿಸೋವರೆಗೆ ಕಡಿವಾಣ, ಕಣ್ಣಿನ ಪಟ್ಟಿ ತೆಗೆಯಲೇಬೇಡಿ, "ಪಾಪ, ಹುಲ್ಲು ತಿನ್ನಲಿ" ಅಂತ ಅನ್ನಿಸಿದರೂ ಸರಿಯೇ. ಕಣ್ಣಿನ ಪಟ್ಟಿ ತೆಗೆದ ತಕ್ಷಣ ಬೆನ್ನ ಹಿಂದೆ ಚಕ್ರ ಅಲ್ಲಾಡೋದು ಕಂಡು ಬೆದರಿದರೆ ಹಿಡಿಯೋಕೆ ನಿಮ್ಮ ಕೈಯಲ್ಲಿ ಏನೂ ಇರಲ್ಲ.